ಕುಂತು ನೀರು ಕುಡಿದು ಹೊರಟ ವಿಮಾನ

ಮಸ್ಕತ್ತಿಗೆ ಹೋಗಿ ಬಂದವಳು ಅಂತ ಗೊತ್ತಾದರೆ ನಮ್ಮ ಓಣಿಯ ಹೆಣ್ಣುಮಕ್ಕಳು ಮೊದಲು ಕೇಳುವುದು ಬಂಗಾರದ ಅಂಗಡಿಗಳ ಬಗ್ಗೆ. ಗಂಡಸರು ಕೇಳುವುದು ಅಲ್ಲಿನ ರಸ್ತೆಗಳ ಬಗ್ಗೆ. ನಾನು ಇಬ್ಬರಿಗೂ ಮೊದಲು ಹೇಳುವುದು ನಿಂತ ವಿಮಾನದ ಬಗ್ಗೆ. ಹಾರಿದ ವಿಮಾನದ ಬಗ್ಗೆ ಹೇಳಲಿಕ್ಕೆ ಏನಿದೆ? ಅದು ಏರಿತು, ಇಳಿಯಿತು. ಏರುವ ಮೊದಲು ಅದು ಒಮ್ಮೆ ನಿಂತಿತಲ್ಲ, ಅದರೊಳಗೆ ದೇವರು ಕೂತಿದ್ದ ಅಂತ ನಾನು ತಿಳಿದಿದ್ದೇನೆ.

ರಾಯಚೂರು

ನನ್ನ ಮಗಳು ರೇಣುಕಾ ನರ್ಸು. ನಮ್ಮಪ್ಪ ದೇವದುರ್ಗದ ಸಂತೆಯಲ್ಲಿ ಚೀಲ ಹೊತ್ತವನು. ಅವನ ಮೊಮ್ಮಗಳು ಬಿಳಿ ಉಡುಪು ತೊಟ್ಟು ರಾಯಚೂರಿನ ಆಸ್ಪತ್ರೆಯಲ್ಲಿ ಓಡಾಡಿದ್ದೇ ನಮಗೆ ದೊಡ್ಡದಾಗಿತ್ತು. ಎಂಬತ್ತರ ದಶಕದ ಆ ವರ್ಷಗಳಲ್ಲಿ ಅರಬರ ದೇಶಕ್ಕೆ ಹೋಗುವವರ ಸುದ್ದಿ ನಮ್ಮ ಕಡೆಯೂ ಶುರುವಾಗಿತ್ತು. ರೇಣುಕಾಗೆ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅಳಿಯ ಅಶೋಕ ಸಿರವಾರದವನು, ಕರೆಂಟಿನ ಕೆಲಸ ಬಲ್ಲವನು. ಅವನೂ ಬೆನ್ನಿಗೇ ಹೋದ. ಅಲ್ಲಿಯೇ ಅವಳು ಬಸುರಿಯಾದಳು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನಾನು ಹಳೆಯ ತೊಟ್ಟಿಲಿಗೆ ಬಣ್ಣ ಹಚ್ಚಿಸಿ ಇಟ್ಟಿದ್ದೆ. ಆದರೆ ಅವಳ ಕಾಲು ಬಾತವು, ರಕ್ತದ ಒತ್ತಡ ಏರಿತು, ವಿಮಾನ ಹತ್ತಬಾರದು ಎಂದು ಅಲ್ಲಿನ ಡಾಕ್ಟರು ಹೇಳಿದರು. ನಮ್ಮವರು ಕೆಲಸ ಮಾಡುವ ಹತ್ತಿ ಮಿಲ್ಲಿನ ಆಫೀಸಿಗೆ ಅವಳ ಟ್ರಂಕಾಲ್ ಬಂತು. ಮತ್ತೆ ಮಾಡುತ್ತೇನೆ, ಅವ್ವನನ್ನು ಕರೆಸಿರಿ ಅಂದಿದ್ದಳಂತೆ. ನಾನು ಒಲೆಯ ಮೇಲಿನ ಸಾರು ಇಳಿಸಿ ಓಡಿದೆ.

“ಯವ್ವಾ, ಎಷ್ಟೋ ಮಂದಿ ಹೆರಿಗಿ ಮಾಡ್ಸೀನಿ ನಾ,” ಅಂದಳು. “ಬಾಜೂಕ ಯಾರೂ ಇಲ್ದೆ ಹಡದವ್ರನ್ನೂ ನೋಡೀನಿ. ನಾ ಹಂಗ ಹಡಿಯಂಗಿಲ್ಲ. ನೀ ಬಾ.”

“ನಂಗ ಸಿರವಾರದ ಬಸ್ಸಿನಾಗ ವಾಂತಿ ಬರ್ತದವ್ವಾ.”

“ವಿಮಾನದಾಗ ಅದಕ್ಕ ಚೀಲ ಕೊಡ್ತಾರ. ಬಾ.”

ಇಷ್ಟು ಹೇಳುವಷ್ಟರಲ್ಲಿ ಲೈನು ಹೋಯಿತು. ಅವಳ ದನಿಯಲ್ಲಿ ಒಂದು ನಡುಕ ಇತ್ತು. ಸಣ್ಣವಳಿದ್ದಾಗ ಮಸರಕಲ್ಲಿನ ನಮ್ಮ ಅಕ್ಕನ ಮನೆಯಲ್ಲಿ ಬಾವಿಯೊಳಗೆ ಇಣುಕಿ ನೋಡಿ ಹೆದರಿದಾಗ ಕರೆದಿದ್ದಳಲ್ಲ, ಅದೇ ದನಿ. ಹೋಗುವುದು ಅಂತ ಅವತ್ತೇ ನಿಶ್ಚಯ ಆಯಿತು.

ಬಾಣಂತನದ ಸಾಮಾನು ಕಟ್ಟಿದೆ. ಅಂಟಿನುಂಡಿಯ ಡಬ್ಬಿ, ಅಜಿವಾನ, ಒಣಕೊಬ್ಬರಿ, ಶೇಂಗಾ ಚಟ್ನಿ ಪುಡಿ, ಜೋಳದ ಹಿಟ್ಟು. ಹಳೆಯ ಸೀರೆಗಳನ್ನು ಹರಿದು ಕೂಸಿಗೆ ಬಟ್ಟೆ ಮಾಡಿದೆ. ಹೊಸ ಬಟ್ಟೆ ಹಸುಗೂಸಿನ ಮೈಗೆ ಚುಚ್ಚುತ್ತದೆ. ಎಲ್ಲಕ್ಕಿಂತ ಮೇಲೆ, ದೇವದುರ್ಗದ ನಮ್ಮ ತವರು ಓಣಿಯ ಎಲ್ಲಮ್ಮನ ಗುಡಿಯಿಂದ ಒಂದು ನಿಂಬೆಹಣ್ಣು. ನೋವು ಬಂದಾಗ ಮಗಳ ದಿಂಬಿನ ಕೆಳಗೆ ಇಡಬೇಕೆಂದು ಅದನ್ನು ಕೈಯಲ್ಲೇ ಹಿಡಿದುಕೊಂಡು ಹೋಗುವುದು ಅಂತ ಹರಕೆ ಮಾಡಿಕೊಂಡಿದ್ದೆ.

ಹೊರಡುವ ದಿನ ಜಟಕಾ ಬಾಗಿಲಿಗೆ ಬಂದು ನಿಂತಿತ್ತು. ನಮ್ಮ ಕಡೆ ಮನೆಯಿಂದ ಹೊರಟವರನ್ನು “ಎಲ್ಲಿಗೆ” ಅಂತ ಕೇಳುವುದಿಲ್ಲ. ಕೇಳಿದರೆ ಕೊಂಕು ಹಾಕಿದಂತೆ, ಹೋದ ಕೆಲಸ ಕೆಡುತ್ತದೆ. ಕೇಳಲೇಬೇಕಾದರೆ “ದೂರ ಏನ್ರಿ?” ಅಂತ ಕೇಳುತ್ತಾರೆ. ಬಾಜೂ ಮನೆಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಪಾಪ, ಇದನ್ನು ಮರೆತಳೋ ಏನೋ. ನಾನು ಹೊಸ್ತಿಲು ದಾಟಲಿಕ್ಕೆ ಬಲಗಾಲು ಎತ್ತಿದ್ದೇನೆ, ಆಕೆ ನಕ್ಕೋತ ಕೇಳಿಯೇ ಬಿಟ್ಟಳು: “ಎಲ್ಲಿಗಿ ಹೊಂಟ್ರಿ ಅತ್ತಿ?”

ಎತ್ತಿದ ಕಾಲು ಹಾಗೇ ನಿಂತಿತು. ಒಳಗಿನಿಂದ ನಮ್ಮ ಅತ್ತೆ ಭೀಮವ್ವನ ದನಿ ಬಂತು. “ಒಳಗ ಬಾ.”

“ಅತ್ತಿ, ಜಟಕಾ ನಿಂತದ.”

“ನಿಲ್ಲಲಿ. ಚಾಪಿ ಮ್ಯಾಲ ಕುಂದ್ರು.”

ನಮ್ಮವರು ಟ್ರಂಕು ಹೊತ್ತುಕೊಂಡು ಅಂಗಳದಲ್ಲಿ ಬೆವರುತ್ತಿದ್ದರು. “ಯವ್ವಾ, ನಿನ್ನ ಚಾಪಿ ಸಲುವಾಗಿ ಮುಂಬಯಿ ಗಾಡಿ ನಿಲ್ಲಂಗಿಲ್ಲ,” ಅಂದರು.

“ಆ ಗಾಡಿ ಹೋದ್ರ ಮತ್ತೊಂದು ಬರ್ತದ. ಹೇಂತಿ ಹೋದ್ರ ಇಂಥಾಕಿ ಮತ್ತೊಬ್ಬಾಕಿ ಬರ್ತಾಳೇನು ನಿಂಗ?”

ಅವರು ಟ್ರಂಕು ಇಳಿಸಿದರು. ನಾನು ಒಳಗೆ ಬಂದು ಚಾಪೆಯ ಮೇಲೆ ಕೂತೆ. ಇಂಥ ಹೊತ್ತಿನಲ್ಲಿ ನಿಂತುಕೊಂಡು ನೀರು ಕುಡಿದರೆ ನಡೆಯುವುದಿಲ್ಲ. ಮನೆಯಲ್ಲೇ ಇರುವವರಂತೆ ಆರಾಮಾಗಿ ಕೂಡಬೇಕು, ಕುಡಿಯಬೇಕು, ದೇವರ ಹೆಸರು ಹೇಳಿ ಹೊಸದಾಗಿ ಹೊರಡಬೇಕು. ಅತ್ತೆ ಮಣಕಾಲು ನೋವಿನವರು. ಅಡಿಗೆಮನೆಯ ಗಡಿಗೆಯಿಂದ ತಂಬಿಗೆ ತುಂಬಿ ತರಲಿಕ್ಕೆ ಅವರು ತೆಗೆದುಕೊಂಡ ಹೊತ್ತಿನಲ್ಲಿ ನಮ್ಮವರು ಅಂಗಳದಲ್ಲಿ ಅದೆಷ್ಟು ಸಲ ಆಚೀಚೆ ಹೋದರೋ. ನಾನು ನೀರು ಕುಡಿದೆ. ಅತ್ತೆ ನನ್ನ ಬಾಯಿಗೆ ಬೆಲ್ಲದ ಚೂರು ಇಟ್ಟು, “ಸಮುದ್ರ ಹಾರಿದ ಹಣಮಪ್ಪ ನಮ್ಮ ಮನಿದೇವ್ರು. ಅಂವನ ಹೆಸರು ತೊಗೊಂಡು ಏಳು,” ಅಂದರು.

ಸ್ಟೇಶನ್ನಿಗೆ ಹೋದರೆ ರೈಲು ಇನ್ನೂ ಬಂದೇ ಇರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಕಾಯುವಾಗ ನಮ್ಮವರು ನನ್ನ ಮುಖ ನೋಡದೆ ಶೇಂಗಾ ಬಿಡಿಸುತ್ತ ಕೂತರು.

ಮುಂಬಯಿ

ನನ್ನ ಜೊತೆಗೆ ಮಾನ್ವಿಯ ಹಾಜಿರಾಬಿ ಇದ್ದಳು. ಅವಳ ಮಗ ಮಸ್ಕತ್ತಿನಲ್ಲಿ ಬಟ್ಟೆ ಹೊಲಿಯುವವನು, ನಮ್ಮ ಅಶೋಕನಿಗೆ ಪರಿಚಯ. ಇಬ್ಬರು ತಾಯಂದಿರನ್ನೂ ಒಂದೇ ವಿಮಾನಕ್ಕೆ ಹತ್ತಿಸೋಣ, ಒಬ್ಬರಿಗೊಬ್ಬರು ಆಸರಾಗುತ್ತಾರೆ ಅಂತ ಆ ಹುಡುಗರು ಅಲ್ಲಿಂದಲೇ ಮಾತಾಡಿಕೊಂಡಿದ್ದರು. ಹಾಜಿರಾಬಿ ಮನೆಯಲ್ಲಿ ದಖ್ನಿ ಉರ್ದು, ಸಂತೆಯಲ್ಲಿ ಕನ್ನಡ ಮಾತಾಡುವವಳು. ಅವಳ ತೋಳಿಗೆ ಹಸಿರು ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿದ್ದರು. ದೂರ ಹೊರಟವರನ್ನು ಕಾಯಲಿಕ್ಕೆ ಅವರಲ್ಲಿ ಹಾಗೆ ಕಟ್ಟುತ್ತಾರೆ.

“ಇದು ಇರೋತನಕ ನಂಗೇನ್ ಆಗಂಗಿಲ್ಲ ಅಕ್ಕಾ,” ಅಂದಳು. “ನನ್ನ ಬಾಜೂಕ ಕುಂತ್ರ ನಿಂಗೂ ಏನ್ ಆಗಂಗಿಲ್ಲ.”

ಮುಂಬಯಿಯ ವಿಮಾನ ನಿಲ್ದಾಣದಲ್ಲಿ ನಮ್ಮವರನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಅವರು ಗಾಜಿನ ಆಚೆಯಿಂದ ಏನೋ ಹೇಳಿದರು, ಕೇಳಲಿಲ್ಲ. ಕೈಸನ್ನೆಯಿಂದ ಅದು “ನಿಂಬೆಹಣ್ಣು ಜ್ವಾಕಿ” ಅಂತ ಇರಬೇಕು ಅಂದುಕೊಂಡೆ.

ಒಳಗೆ ಹೋದ ಮೇಲೆ ನನಗೆ ಬೇರೆಯೇ ಸಂಕಟ ಶುರುವಾಯಿತು. ಆ ನಿಲ್ದಾಣದಲ್ಲಿ ಕೂತವರಿಗೆಲ್ಲ ಒಂದೇ ಮಾತು ಬರುತ್ತದೆ. ಸಾಮಾನು ತೂಗುವ ಹುಡುಗಿ ಕೇಳಿದಳು, ಎಲ್ಲಿಗೆ. ಚೀಟಿ ಹರಿಯುವವನು ಕೇಳಿದ, ಎಲ್ಲಿಗೆ. ಚೀಲದಲ್ಲಿ ಕೈಹಾಕಿ ನೋಡುವ ಹೆಂಗಸು ಅಂಟಿನುಂಡಿಯ ವಾಸನೆ ನೋಡಿ ಮೂಗು ಅರಳಿಸಿ, ಅವಳೂ ಅದನ್ನೇ ಕೇಳಿದಳು. ಒಂದು ಕೊಂಕಿಗೆ ಒಂದು ಸಲ ಕೂತು ನೀರು ಕುಡಿಯಬಹುದು. ಇಷ್ಟು ಕೊಂಕಿಗೆ ಕೆರೆಯೇ ಬೇಕು.

ಪಾಸ್‌ಪೋರ್ಟಿಗೆ ಠಸ್ಸೆ ಹೊಡೆಯುವ ಸಾಹೇಬರು ತಲೆ ಎತ್ತದೆ, “ಕಹಾಂ ಜಾನಾ ಹೈ?” ಅಂದಾಗ ನಾನು ತಡೆಯಲಾರದೆ “ದೂರ್” ಅಂದೆ.

ಅವರು ತಲೆ ಎತ್ತಿದರು. “ಕಹಾಂ?”

“ದೂರ್.”

ಹಿಂದಿನಿಂದ ಹಾಜಿರಾಬಿ ಕುತ್ತಿಗೆ ಚಾಚಿ, “ಮಸ್ಕತ್ ಬಾ, ಮಸ್ಕತ್. ಇನೋ ಐಸೇಚ್ ಬೋಲ್ತೆ,” ಅಂದಳು, ಇವಳು ಮಾತಾಡುವುದೇ ಹೀಗೆ ಅಂತ. ಸಾಹೇಬರು ನನ್ನ ನಿಂಬೆಹಣ್ಣನ್ನೂ ನನ್ನನ್ನೂ ನೋಡಿ ಠಸ್ಸೆ ಹೊಡೆದರು. ಅದೂ ಒಂದು ದಯೆಯೇ. ಮತ್ತಿಷ್ಟು ಕೇಳಿದ್ದರೆ ನನಗೆ ಹಿಂದಿ ಸಾಲುತ್ತಿರಲಿಲ್ಲ.

“ಹಾಜಿರಾ, ಇಷ್ಟು ಕೊಂಕು ಹಾಕಿದ್ರ ವಿಮಾನ ಹೆಂಗಬೇ ಏಳ್ತದ?” ಅಂದೆ.

“ಬ್ಯಾಡ ಅಕ್ಕಾ, ಕೆಟ್ಟದ್ದು ಮಾತಾಡಬ್ಯಾಡ,” ಅಂದು ಅವಳು ತನ್ನ ತೋಳು ಮುಟ್ಟಿಕೊಂಡಳು.

ಓಡಿತು, ನಿಂತಿತು

ವಿಮಾನದ ಕಿಟಕಿ ತೆರೆಯಲಿಕ್ಕೆ ಬರುವುದಿಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಗಾಳಿ ಬರಲಿ ಅಂತ ನಾನು ಹಿಡಿಕೆ ಹುಡುಕುತ್ತಿದ್ದಾಗ ಮುಂದಿನ ಸಾಲಿನಲ್ಲಿದ್ದ ಸಫಾರಿ ಸೂಟಿನವರು ಹಿಂದೆ ತಿರುಗಿ ನಕ್ಕರು. ವ್ಯಾಪಾರದವರು, ಹಲವು ಸಲ ಹಾರಿದವರು ಅಂತ ಅವರೇ ಹೇಳಿಕೊಂಡರು. ಗಗನಸಖಿ ತಟ್ಟೆಯಲ್ಲಿ ಚಾಕಲೇಟು ತಂದಳು, ಕಿವಿಗೆ ಇಟ್ಟುಕೊಳ್ಳಲು ಹತ್ತಿ ತಂದಳು. ಹತ್ತಿ ಗಾಡಿಗಳು ಸಾಲುಗಟ್ಟಿ ನಿಲ್ಲುವ ಊರಿನವಳು ನಾನು. ಉಗುರಿನಷ್ಟು ಹತ್ತಿಯನ್ನು ಅಷ್ಟು ಮರ್ಯಾದೆಯಿಂದ ಕೊಟ್ಟದ್ದು ಅಲ್ಲೇ ನೋಡಿದ್ದು. ಅಂಟಿನುಂಡಿಯ ಡಬ್ಬಿಯನ್ನು ನನ್ನ ತೊಡೆಯಿಂದ ಎತ್ತಿ ಮೇಲಿನ ಗೂಡಿನಲ್ಲಿಟ್ಟಳು. ನಿಂಬೆಹಣ್ಣು ಮಾತ್ರ ನಾನು ಬಿಡಲಿಲ್ಲ.

ಮೊದಲು ನಿಧಾನಕ್ಕೆ ನಡೆಯಿತು. ಆಮೇಲೆ ಒಂದು ದೊಡ್ಡ ಗುಡುಗಿನಂಥ ಸಪ್ಪಳದೊಂದಿಗೆ ಓಡತೊಡಗಿತು. ನನ್ನ ಬೆನ್ನು ಕುರ್ಚಿಗೆ ಅಂಟಿತು. ಹೊರಗಿನ ಹುಲ್ಲು ಹಸಿರು ಗೆರೆಯಾಯಿತು. ಹಾಜಿರಾಬಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ನಾನು ಹಣಮಪ್ಪಾ ಹಣಮಪ್ಪಾ ಅನ್ನುತ್ತ ಈಗ ಏಳುತ್ತದೆ, ಈಗ ಏಳುತ್ತದೆ ಅಂತ ಕಾಲಬೆರಳು ಒತ್ತಿ ಹಿಡಿದಿದ್ದೆ.

ಏಳಲಿಲ್ಲ. ಗಕ್ಕನೆ ಯಾರೋ ಹಿಂದಿನಿಂದ ಬಾಲ ಹಿಡಿದು ಎಳೆದಂತಾಯಿತು. ಸಪ್ಪಳವೇ ಬೇರೆಯಾಯಿತು, ವಿಮಾನವೆಲ್ಲ ನಡುಗಿತು, ಎಲ್ಲರ ತಲೆ ಒಟ್ಟಿಗೆ ಮುಂದಕ್ಕೆ ಬಾಗಿತು. ಸಿರವಾರದ ದಾರಿಯಲ್ಲಿ ಎಮ್ಮೆ ಅಡ್ಡ ಬಂದಾಗ ನಮ್ಮ ಬಸ್ಸಿನ ಡ್ರೈವರ್ ಬ್ರೇಕು ಒತ್ತುವುದು ನೋಡಿದ್ದೇನೆ. ಇದು ಅದರಪ್ಪ. ನನ್ನ ಮುಷ್ಟಿ ಬಿಚ್ಚಿತು. ನಿಂಬೆಹಣ್ಣು ಕೆಳಗೆ ಬಿದ್ದು, ನಡುವಿನ ದಾರಿಯಲ್ಲಿ ಉರುಳುತ್ತ, ಎಲ್ಲರೂ ನೋಡುತ್ತಿದ್ದಂತೆ, ಮುಂದೆ ಮುಂದೆ ಹೋಗಿ ಪರದೆಯ ಆಚೆ ಮಾಯವಾಯಿತು.

ವಿಮಾನ ನಿಂತಿತು. ಆಮೇಲೆ ಮೇಲಿನಿಂದ ಒಂದು ಗಂಡು ದನಿ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಶಾಂತವಾಗಿ ಹೇಳಿತು: ಒಂದು ಉಪಕರಣ ಸರಿಯಾಗಿ ತೋರಿಸುತ್ತಿಲ್ಲ, ಅದಕ್ಕೆ ನಿಲ್ಲಿಸಿದ್ದೇವೆ, ಹೆದರುವ ಕಾರಣ ಇಲ್ಲ, ಹಿಂದಕ್ಕೆ ಹೋಗುತ್ತಿದ್ದೇವೆ.

ಹಲವು ಸಲ ಹಾರಿದ ಸಫಾರಿ ಸೂಟಿನವರ ಮುಖ ಸುಣ್ಣದ ಹಾಗಾಗಿತ್ತು. “ನಾನು ಈ ವಿಮಾನಕ್ಕೆ ಮತ್ತೆ ಹತ್ತೋದಿಲ್ಲ,” ಅಂತ ಅವರು ಹಿಂದಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನಾಲ್ಕಾರು ಮಂದಿ ಹೌದು ಹೌದು ಅಂದರು.

ಚಾಪೆ

ನಮ್ಮನ್ನು ಇಳಿಸಿ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಒಂದು ದೊಡ್ಡ ಕೋಣೆಯಲ್ಲಿ ಬಿಟ್ಟರು. ರಿಪೇರಿ ಆದ ಮೇಲೆ ಅದೇ ವಿಮಾನ ಹೋಗುತ್ತದೆ, ಬೇಡ ಅನ್ನುವವರು ಇನ್ನೊಂದು ದಿನದ ವಿಮಾನಕ್ಕೆ ಹೋಗಬಹುದು ಅಂದರು. ಆ ಇನ್ನೊಂದು ದಿನ ಯಾವಾಗ ಅಂದರೆ ಮುಂದಿನ ವಾರ.

ಹಾಜಿರಾಬಿ ನನ್ನ ಸೆರಗು ಹಿಡಿದಳು. “ಅಕ್ಕಾ, ಊರಿಗಿ ಹೋಗಮು ನಡಿ. ಮಗನ ಮಾರಿ ಆಮ್ಯಾಲ ನೋಡ್ತೀನಿ. ಜೀವ ಇದ್ರ ತಾನೇ ನೋಡೋದು.”

ನನ್ನ ಬಾಯಿಯೂ ಹೌದು ಅಂದಿತು. ನಿಜ ಹೇಳುತ್ತೇನೆ, ನನ್ನ ಕಾಲು ಆಗಲೇ ರಾಯಚೂರಿನ ಕಡೆಗೆ ತಿರುಗಿದ್ದವು. ಅಷ್ಟು ಮಂದಿ ಕೊಂಕು ಹಾಕಿದರು, ವಿಮಾನ ನಿಂತಿತು, ಎಲ್ಲಮ್ಮನ ನಿಂಬೆಹಣ್ಣು ಕೈಬಿಟ್ಟು ಹೋಯಿತು. ಇದಕ್ಕಿಂತ ಬಾಯಿಬಿಟ್ಟು ದೇವರು ಇನ್ನೇನು ಹೇಳಬೇಕು? ಆದರೆ ಕಿವಿಯಲ್ಲಿ ಆ ದನಿ. ನಾ ಹಂಗ ಹಡಿಯಂಗಿಲ್ಲ, ನೀ ಬಾ. ಮುಂದಿನ ವಾರದ ತನಕ ಅವಳ ದಿನ ಕಾಯುವುದಿಲ್ಲ. ಹೋದರೆ ನನ್ನ ಜೀವದ ಹೆದರಿಕೆ, ಹೋಗದಿದ್ದರೆ ಅವಳು ಒಬ್ಬಳೇ.

ಅಷ್ಟರಲ್ಲಿ ಗಗನಸಖಿ ತಟ್ಟೆ ಹಿಡಿದು ಬಂದಳು. ತಟ್ಟೆಯ ತುಂಬ ನೀರಿನ ಲೋಟಗಳು. “ಕೂತುಕೊಳ್ಳಿ ಅಮ್ಮಾ, ನೀರು ಕುಡಿಯಿರಿ,” ಅಂದಳು.

ನಾನು ಆ ಲೋಟ ನೋಡುತ್ತ ನಿಂತೆ. ಅತ್ತೆ ಭೀಮವ್ವ ನನ್ನನ್ನು ಅದೆಷ್ಟು ಸಲ ಹೊಸ್ತಿಲಿನಿಂದ ಹಿಂದಕ್ಕೆ ಕರೆದಿರಬಹುದು. ಸೀನಿಗೆ, ಬೆಕ್ಕಿಗೆ, ಎಲ್ಲಿಗೆ ಅನ್ನುವವರಿಗೆ. ಆದರೆ ಒಂದು ದಿನವಾದರೂ “ಹೋಗಬ್ಯಾಡ” ಅಂದಿದ್ದಾರೇನು? ಇಲ್ಲ. ಒಳಗ ಬಾ, ಕುಂದ್ರು, ನೀರು ಕುಡಿ, ಏಳು. ಇಷ್ಟೇ ಅವರು ಹೇಳಿದ್ದು. ವಿಮಾನವೂ ಇಷ್ಟೇ ಮಾಡಿದೆ. ಕಾಲು ಎತ್ತಿತ್ತು, ತಡೆ ಬಂತು, ಒಳಗೆ ಬಂತು.

ನಾನು ಚೀಲದಿಂದ ಕೂಸಿನ ಬಟ್ಟೆಗೆ ಅಂತ ಹರಿಯದೆ ತಂದ ಇನ್ನೊಂದು ಹಳೆಯ ಸೀರೆ ತೆಗೆದು ನೆಲಕ್ಕೆ ಹಾಸಿದೆ. “ಹಾಜಿರಾ, ಕುಂದ್ರು.”

“ಇಷ್ಟು ಕುರ್ಚಿ ಅವಲ್ಲ ಅಕ್ಕಾ.”

“ಕುರ್ಚಿ ನಡಿಯಂಗಿಲ್ಲ. ನೆಲಕ್ಕ ಕುಂದ್ರು. ಲೋಟ ತೊಗೊ.”

ಅವಳು ಗೊಣಗುತ್ತ ಕೂತಳು. ಸುತ್ತಲಿನವರು ನೋಡಿದರು, ನೋಡಲಿ. ಇಬ್ಬರೂ ನಮ್ಮ ಮನೆಯ ಪಡಸಾಲೆಯಲ್ಲಿ ಕೂತವರಂತೆ ಕಾಲು ಮಡಚಿ ಕೂತು ನೀರು ಕುಡಿದೆವು. ನಾನು ಮೇಲಿನ ಗೂಡಿನಿಂದ ಇಳಿಸಿ ತಂದಿದ್ದ ಡಬ್ಬಿ ತೆಗೆದು, ಅಂಟಿನುಂಡಿ ಮುರಿದು ಅವಳಿಗೆ ಅರ್ಧ ಕೊಟ್ಟೆ. ಬಾಣಂತಿಯ ಉಂಡೆ ಹೆದರಿದವರಿಗೂ ಆಗಿಬರುತ್ತದೆ.

ಬಾಯಿ ಚಪ್ಪರಿಸುತ್ತಿರುವಾಗ ಬಿಳಿ ಅಂಗಿಯ ಎತ್ತರದ ಮನುಷ್ಯರೊಬ್ಬರು ಒಳಗೆ ಬಂದರು. ಹೆಗಲ ಮೇಲೆ ಬಂಗಾರದ ಬಣ್ಣದ ಪಟ್ಟಿ, ಕೈಯಲ್ಲಿ ನನ್ನ ನಿಂಬೆಹಣ್ಣು.

“ಇದು ಯಾರದು?” ಅಂತ ಹಿಂದಿಯಲ್ಲಿ ಕೇಳಿದರು. ಹಾಜಿರಾಬಿ ನನ್ನ ಕೈ ಹಿಡಿದು ಶಾಲೆಯ ಹುಡುಗಿಯ ಕೈ ಎತ್ತಿದಂತೆ ಎತ್ತಿದಳು. ಅವರು ಬಂದು ನಮ್ಮ ಎದುರು ತುದಿಗಾಲಲ್ಲಿ ಕೂತರು. ವಿಮಾನ ನಡೆಸುವವರೇ ಅವರು. ಹಣ್ಣು ಅವರ ಬಾಗಿಲ ತನಕ ಉರುಳಿ ಬಂದಿತ್ತಂತೆ.

ನನಗೆ ತಿಳಿದ ದಖ್ನಿಯಲ್ಲಿ ಕೇಳಿದೆ, ಯಾಕೆ ನಿಲ್ಲಿಸಿದಿರಿ ಅಂತ. ರಾಯಚೂರಿನಲ್ಲಿ ಬಾಳಿದವರಿಗೆ ಆ ಭಾಷೆ ಯಾರೂ ಹೇಳಿಕೊಡಬೇಕಿಲ್ಲ. ಅವರೂ ಮುಚ್ಚಿಡದೆ ಹೇಳಿದರು. ಎಷ್ಟು ಜೋರಾಗಿ ಓಡುತ್ತಿದ್ದೇವೆ ಅಂತ ತೋರಿಸುವ ಗಡಿಯಾರದಂಥದ್ದು ಎರಡು ಇವೆ, ಒಂದು ತನ್ನ ಮುಂದೆ, ಒಂದು ಜೊತೆಗಾರನ ಮುಂದೆ. ತನ್ನ ಮುಳ್ಳು ಏರಿತು, ಜೊತೆಗಾರನದು ಏಳಲಿಲ್ಲ. ಎರಡೂ ಒಂದೇ ಮಾತು ಹೇಳದಿದ್ದರೆ ನಿಲ್ಲಿಸಬೇಕು.

“ಯಾವುದು ಖರೇ ಹೇಳ್ತಿತ್ತು?”

“ಆಗ ಗೊತ್ತಿರಲಿಲ್ಲ ಅಮ್ಮಾ. ಗೊತ್ತಿಲ್ಲ ಅಂತಲೇ ನಿಲ್ಲಿಸಿದ್ದು. ಒಂದು ವೇಗ ಅಂತ ಇರುತ್ತದೆ, ಅದನ್ನು ದಾಟಿದರೆ ನಿಲ್ಲಿಸಲಿಕ್ಕೆ ಬರೋದಿಲ್ಲ, ಏರಲೇಬೇಕು. ನಾವು ಇನ್ನೂ ದಾಟಿರಲಿಲ್ಲ.”

“ಹೊಸ್ತಿಲ ದಾಟಿದ್ದಿಲ್ಲ,” ಅಂದೆ. ಕನ್ನಡದಲ್ಲೇ ಬಾಯಿಂದ ಬಂತು.

“ಚೌಖಟ್ ನೈ ಲಾಂಗೇ ಥೇ ಬೋಲ್ರೈಂ,” ಅಂತ ಹಾಜಿರಾಬಿ ತಿಳಿಸಿದಳು. ಅವರು, ಬರೋಬ್ಬರಿ, ಅದೇ ಮಾತು ಅಂದರು.

ಆ ಮುಳ್ಳು ಯಾಕೆ ಏಳಲಿಲ್ಲ ಅಂತ ಈಗ ಗೊತ್ತಾಗಿತ್ತು. ಅವರು ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿ ತೋರಿಸಿದರು. ವಿಮಾನದ ಮೂಗಿನ ಹತ್ತಿರ ಒಂದು ಸಣ್ಣ ಕೊಳವೆ ಇರುತ್ತದಂತೆ, ಅದರೊಳಗೆ ಹೊಕ್ಕ ಗಾಳಿಯೇ ಮುಳ್ಳಿಗೆ ವೇಗ ಹೇಳುವುದು. ವಿಮಾನ ನಿಂತಿದ್ದಾಗ ಅದರ ಬಾಯಲ್ಲಿ ಯಾವುದೋ ಹುಳ ಮಣ್ಣು ಮೆತ್ತಿತ್ತು. ಕರವಸ್ತ್ರದಲ್ಲಿ ಇದ್ದದ್ದು ಕಡಲೆಯಷ್ಟು ಮಣ್ಣು.

ನನಗೆ ಅದು ನೋಡಿದ ಕೂಡಲೇ ಗುರುತು ಸಿಕ್ಕಿತು. ಕುಂಬಾರ ಹುಳದ ಮಣ್ಣು. ಬಾಗಿಲ ಸಂದಿ, ಬೀಗದ ತೂತು, ಗೋಡೆಯ ಮೂಲೆ, ಎಲ್ಲಿ ಜಾಗ ಸಿಕ್ಕರೂ ಹಸಿಮಣ್ಣು ತಂದು ನುಣ್ಣಗೆ ಗೂಡು ಕಟ್ಟುವ ಹುಳ. ಅದು ಮನೆಯಲ್ಲಿ ಗೂಡು ಕಟ್ಟಿದರೆ ಆ ಮನೆಗೆ ಕೂಸು ಬರುತ್ತದೆ. ಬಸುರಿ ಇರುವ ಮನೆಯಲ್ಲಿ ಅತ್ತೆ ಆ ಗೂಡಿಗೆ ಪೊರಕೆ ತಾಕಲಿಕ್ಕೂ ಬಿಡುವುದಿಲ್ಲ.

“ಹಾಜಿರಾ, ನೋಡಬೇ ಇಲ್ಲಿ.”

ಹಾಜಿರಾಬಿ ಬಗ್ಗಿ ನೋಡಿದಳು. ಮುಖ ಅರಳಿತು. “ಅರೆ ಅಲ್ಲಾ, ಕೂಸಿನ ಹುಳ. ನಮ್ಮಾಗೂ ಹಂಗ ಅಂತಾರಲ್ಲ ಅಕ್ಕಾ.” ಅವಳು ವಿಮಾನದ ಸಾಹೇಬರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ನನ್ನ ಮಗಳು, ಅವಳ ಬಾತ ಕಾಲು, ನಾನು ಯಾಕೆ ಹೊರಟಿದ್ದೇನೆ, ಹುಳ ಯಾಕೆ ಬಂತು. ಅವರು ಜೋರಾಗಿ ನಕ್ಕರು. ಕೋಣೆಯಲ್ಲಿ ಅದೇ ಮೊದಲ ನಗು. ಆ ನಗುವಿಗೆ ಸುತ್ತಲಿನವರ ಹೆಗಲು ಇಳಿದದ್ದು ನನಗೆ ಕಂಡಿತು.

ಕೊಳವೆ ಸ್ವಚ್ಛ ಮಾಡಿದ್ದಾರೆ, ಎರಡೂ ಮುಳ್ಳು ಪರೀಕ್ಷೆ ಮಾಡಿದ್ದಾರೆ, ಇನ್ನೊಮ್ಮೆ ನೋಡಿ ಹೊರಡುತ್ತೇವೆ ಅಂದರು. ಎದ್ದು ನಿಂತು ನಿಂಬೆಹಣ್ಣು ನನ್ನ ಕೈಗೆ ಕೊಡಲು ಬಂದರು.

“ಅದು ನಿಮ್ಮ ಬಾಗಿಲಿಗೇ ಬಂದದ. ನಿಮ್ಮ ಹತ್ರನೇ ಇರ್ಲಿ,” ಅಂದೆ. “ಆ ಮಣ್ಣು ನಂಗ ಕೊಡ್ರಿ.”

ಅವರು ಮಣ್ಣನ್ನು ನನ್ನ ಅಂಗೈಗೆ ಹಾಕಿದರು. ನಿಂಬೆಹಣ್ಣನ್ನು ಅಂಗಿಯ ಜೇಬಿಗೆ ಇಳಿಸಿದರು. ನಾನು ಮಣ್ಣನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಮತ್ತೆ ಕರೆದಾಗ ಕೆಲವರು ಬರಲಿಲ್ಲ, ಅವರವರ ಮನಸ್ಸು. ಹಾಜಿರಾಬಿ ನನಗಿಂತ ಮುಂದೆ ನಡೆದಳು. ಸಫಾರಿ ಸೂಟಿನವರು ಬಹಳ ಹೊತ್ತು ಬಾಗಿಲ ಹತ್ತಿರವೇ ನಿಂತಿದ್ದು ಕಡೆಗೆ ಬಂದು ಕೂತರು. ಕೂತವರು ತಿರುಗಿ, “ಅಮ್ಮಾ, ಆ ಉಂಡೆ ಇನ್ನೊಂದು ಇದೆಯಾ?” ಅಂದರು. ಕೊಟ್ಟೆ.

ವಿಮಾನ ಓಡಿತು. ಹುಲ್ಲು ಗೆರೆಯಾಯಿತು. ಈ ಸಲ ಹೊಸ್ತಿಲು ದಾಟಿತು.

ಮಸ್ಕತ್

ಇಳಿದಾಗ ಅಶೋಕ ಒಬ್ಬನೇ ನಿಂತಿದ್ದ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. “ಬೆಳಿಗ್ಗಿಯಿಂದ ನೋವು ಅತ್ತಿ. ಯವ್ವ ಬಂದಳೇನು ಅಂತ ಕೇಳಾಕತ್ಯಾಳ, ಮತ್ತೇನು ಮಾತಿಲ್ಲ.” ಹಾಜಿರಾಬಿಯನ್ನು ಅವಳ ಮಗನ ಕೈಗೆ ಒಪ್ಪಿಸಿ ನಾವು ನೇರ ಆಸ್ಪತ್ರೆಗೆ ಓಡಿದೆವು. ದಾರಿಯಲ್ಲಿ ಕಂಡದ್ದು ಬರೀ ಬೋಳು ಕಲ್ಲುಗುಡ್ಡ, ಬಿಸಿಲು. ರಾಯಚೂರನ್ನೇ ಯಾರೋ ಗುಡಿಸಿ ಸಾರಿಸಿ ಸಮುದ್ರದ ದಂಡೆಗೆ ಇಟ್ಟಂತೆ ಇತ್ತು. ಪರದೇಶ ಅನ್ನಿಸಲೇ ಇಲ್ಲ, ಅದೂ ಒಂದು ದಯೆ.

ರೇಣುಕಾ ಮಂಚದ ಸರಳು ಹಿಡಿದುಕೊಂಡಿದ್ದಳು. ನನ್ನನ್ನು ನೋಡಿ ಸರಳು ಬಿಟ್ಟು ನನ್ನ ಕೈ ಹಿಡಿದಳು.

“ಯಾಕವ್ವಾ ಇಷ್ಟೊತ್ತು?”

“ವಿಮಾನ ಕುಂತು ನೀರು ಕುಡದು ಬಂತವ್ವಾ.”

ನೋವಿನಲ್ಲೂ ನಕ್ಕಳು. “ಅದಕ್ಕೂ ನಮ್ಮ ಭೀಮವ್ವ ಆಯಿ ಹೇಳಿ ಕಳಿಸಿದ್ಲೇನು?” ಆಮೇಲೆ ಕೇಳಿದಳು, “ಎಲ್ಲಮ್ಮನ ನಿಂಬಿಹಣ್ಣು?”

“ಡ್ರೈವರಿಗಿ ಕೊಟ್ಟೆ.”

“ನಂಗಂತ ತಂದಿದ್ದು?”

“ನಿಂಗ ಮಣ್ಣು ತಂದೀನಿ,” ಅಂದು ಸೆರಗಿನ ಗಂಟು ಬಿಚ್ಚಿ ದಿಂಬಿನ ಕೆಳಗೆ ಇಟ್ಟೆ. ಅವಳ ಜೊತೆಯ ನರ್ಸುಗಳು ನೋಡಿಯೂ ನೋಡದ ಹಾಗೆ ಇದ್ದರು. ಸಂಜೆಯ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ಹೆರುವ ತನಕ ನನ್ನ ಕೈ ಅವಳ ಕೈಯಲ್ಲೇ ಇತ್ತು. ಅವಳ ಉಗುರಿನ ಗುರುತು ಎಷ್ಟೋ ದಿನ ಹೋಗಲಿಲ್ಲ, ನಾನೂ ಎಣ್ಣೆ ಹಚ್ಚಲಿಲ್ಲ.

ಬಾಣಂತನ ಆ ಎತ್ತರದ ಕಟ್ಟಡದ ಸಣ್ಣ ಮನೆಯಲ್ಲಿ ನಡೆಯಿತು. ಅಡಿಗೆಮನೆ ಅಂದರೆ ಕೈ ಚಾಚಿದರೆ ಆಚೆ ಗೋಡೆ ಸಿಗುವಷ್ಟು. ಎದುರು ಮನೆಯ ಅರಬ ಹೆಂಗಸು ಉಮ್ಮು ಸಾಲಿಮ್ ಖರ್ಜೂರದ ತಟ್ಟೆ, ಧೂಪದ ಹರಳು ಹಿಡಿದು ಬಂದಳು. ಹಸುಗೂಸಿಗೆ ನಾವು ಲೋಬಾನದ ಹೊಗೆ ಹಿಡಿಯುವುದಿಲ್ಲವೇ, ಅವರಲ್ಲೂ ಹಾಗೇ. ಇಬ್ಬರೂ ಕೂಡಿಯೇ ಹಿಡಿದೆವು, ಭಾಷೆ ಬೇಕಾಗಲಿಲ್ಲ. ಕಾಫಿಯಲ್ಲಿ ಮಾತ್ರ ಸೋತೆ. ಹಾಲಿಲ್ಲದ ಕಹಿ ಕಾಫಿ, ಬೊಟ್ಟಿನಷ್ಟು ಬಟ್ಟಲು. ಮರ್ಯಾದೆಗೆ ಕುಡಿದಿಟ್ಟರೆ ಮತ್ತೆ ತುಂಬುತ್ತಾಳೆ. ಕುಡಿದಿಟ್ಟೆ, ತುಂಬಿದಳು. ಕಣ್ಣಲ್ಲಿ ನೀರು ಬರುವ ಹೊತ್ತಿಗೆ ರೇಣುಕಾ ಬಂದು, “ಬಟ್ಟಲ ಹಿಂಗ ಅಲ್ಲಾಡ್ಸಿ ಕೊಡಬೇಕವ್ವಾ, ಆಗ ಸಾಕು ಅಂತ,” ಅಂದಳು. ಊರಿಗೆ ಬಂದ ಮೇಲೂ ಚಹಾದ ಬಟ್ಟಲು ಅಲ್ಲಾಡಿಸಿ ಕೊಟ್ಟು ಬೈಸಿಕೊಂಡಿದ್ದೇನೆ.

ರೇಣುಕಾಗೆ ನನ್ನ ಕೊಂಕು, ಸೀನು ಒಂದೂ ಸೇರುತ್ತಿರಲಿಲ್ಲ. ಒಮ್ಮೆ ಅಶೋಕ ಕೆಲಸಕ್ಕೆ ಹೊರಟಾಗ ನಾನೇ ಸೀನಿ, ಅವನನ್ನು ಕೂಡಿಸಿ ನೀರು ಕೊಟ್ಟೆ. “ಸೀನು ಅಂದ್ರ ಮೂಗಿನಾಗ ಧೂಳು ಯವ್ವಾ, ಅಷ್ಟ. ಅವ್ರಿಗಿ ಡ್ಯೂಟಿಗಿ ತಡ ಆಗ್ತದ,” ಅಂತ ಬೈದಳು. ನರ್ಸು, ಅವಳಿಗೆ ಗೊತ್ತು.

ಹೊರಡುವ ದಿನ ಬಂತು. ಅಶೋಕ ಟ್ರಂಕು ಹೊತ್ತು ಕೆಳಗೆ ಇಳಿದ, ಕಾರು ಕಾಯುತ್ತಿತ್ತು. ರೇಣುಕಾ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ತೊಟ್ಟಿಲ ಹಗ್ಗಕ್ಕೆ ಸಣ್ಣ ಬಟ್ಟೆಯಲ್ಲಿ ಕಟ್ಟಿದ ಆ ಮಣ್ಣು ಒಳಗೆ ತೂಗುತ್ತಿತ್ತು. ನಾನು ಬಲಗಾಲು ಎತ್ತಿದೆ.

ಕೂಸು ಸೀನಿತು.

ಬೆಕ್ಕಿನ ಮರಿಯ ಸೀನಿನಷ್ಟು ಸಣ್ಣ ಸೀನು. ನಾನು ಮಗಳ ಮುಖ ನೋಡಿ, ನಕ್ಕು, “ಧೂಳು,” ಅಂದೆ. “ವಿಮಾನಕ್ಕ ತಡ ಆಗ್ತದವ್ವಾ, ಬರ್ತೀನಿ.”

ಅವಳು ನಗಲಿಲ್ಲ. ನನ್ನ ಕೈಯಿಂದ ಚೀಲ ತೆಗೆದುಕೊಂಡು ಒಳಗಿಟ್ಟಳು. ಚಾಪೆ ಎಳೆದು ಹಾಸಿದಳು. ಕೂಸನ್ನು ನನ್ನ ತೊಡೆಗೆ ಕೊಟ್ಟು, “ಕುಂದ್ರವ್ವಾ, ನೀರು ತರ್ತೀನಿ,” ಅಂದು ಒಳಗೆ ಹೋದಳು.

ಆ ಅಡಿಗೆಮನೆಯಿಂದ ನೀರು ತರಲಿಕ್ಕೆ ಅಷ್ಟು ಹೊತ್ತು ಬೇಕಾಗಿಲ್ಲ. ಕೆಳಗೆ ಕಾರಿನ ಹಾರನ್ನು ಒಮ್ಮೆ ಕೇಳಿತು, ಮತ್ತೊಮ್ಮೆ ಕೇಳಿತು. ಒಳಗೆ ಲೋಟದ ಸಪ್ಪಳವೇ ಇಲ್ಲ. ನಾನು ಕೂಸಿನ ಹಣೆ ಮೂಸುತ್ತ, ನಮ್ಮ ಅತ್ತೆಯ ಮಣಕಾಲು ಅವತ್ತು ನಿಜವಾಗಿ ಅಷ್ಟು ನೋಯುತ್ತಿತ್ತೇ ಅಂತ ಮೊದಲ ಸಲ ಯೋಚಿಸಿದೆ.

ಕಡೆಗೆ ಅವಳು ಬಂದಳು, ಕಣ್ಣು ತೊಳೆದುಕೊಂಡ ಮುಖದಲ್ಲಿ. ತಂಬಿಗೆಯ ತುಂಬ ನೀರಿತ್ತು. ವಿಮಾನ ಕಾಯಲಿ ಅಂತ ನಾನೂ ಗುಟುಕು ಗುಟುಕಾಗಿ ಕುಡಿದೆ.